ನೋಡದೆ ಬಿಟ್ಟ ಸ್ಲೇಟು

ಹೆಗ್ಗಡದೇವನಕೋಟೆಯ ಸಭೆಗೆ ಹಿಂದಿನ ದಿನ ನಮ್ಮ ಹುಣಸೂರಿನ ಕಚೇರಿಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಬೆಳಿಗ್ಗೆ ಕರೆಂಟು ಹೋಗಿ ಬಂತು. ಸಿದ್ದರಾಜು ಕಿಟಕಿ ಪಕ್ಕದ ಇಳಿಜಾರು ಮೇಜಿನ ಮೇಲೆ ಟ್ರೇಸಿಂಗ್ ಹಾಳೆ ಹರಡಿಕೊಂಡು, ಮಸಿ ಪೆನ್ನಿನ ಮೂತಿಯನ್ನು ಹಳೆ ಬನಿಯನ್ನಿನ ತುಂಡಿನಿಂದ ಒರೆಸುತ್ತಿದ್ದ. ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ. ಹನ್ನೊಂದು ಗಂಟೆಗೆ ಎದುರಿನ ಹೋಟೆಲಿನಿಂದ ಟೀ ಬಂತು.

“ಲೇ ಮಾದೇವ, ನಿನ್ ಡಬ್ಬ ಎದ್ದದಾ, ಇನ್ನೂ ಮಕ ತೊಳೀತಾ ಅದಾ?” ಎಂದ ಸಿದ್ದರಾಜು.

“ಎದ್ದಿದೆ ಕಣೋ. ನಿನ್ನ ಪೆನ್ನಿಗೆ ನೆಗಡಿ ಆಗಿರೋದನ್ನ ನೋಡ್ಕೊ.”

“ನೆಗಡಿ ಆದ್ರೂ ನನ್ ಪೆನ್ನು ಕರೆಂಟ್ ಕೇಳಲ್ಲ ಬುಡ್ಲಾ.”

ಅವನು ಆ ದಿನ ಬರೆಯುತ್ತಿದ್ದದ್ದು ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಹಾಡಿಯ ನಕ್ಷೆ. ಹಾಡಿ ಎಂದರೆ ಅಲ್ಲಿ ಕಾಡಿನ ಜನರು ಗುಡಿಸಲು ಕಟ್ಟಿಕೊಂಡಿರುವ ಸಣ್ಣ ಊರು. ಹಿಂದಿನ ವಾರ ಅವನು ಅಲ್ಲಿಗೆ ಹೋಗಿ, ಎರಡು ದಿನ ನಡೆದು ಅಳತೆ ಮಾಡಿಕೊಂಡು ಬಂದಿದ್ದ. ಹಾಳೆಯ ಒಂದು ಮೂಲೆಯಲ್ಲಿ ಎರಡು ಪುಟ್ಟ ಮರಗಳನ್ನು ಬಹಳ ಜತನದಿಂದ ಬರೆಯುತ್ತಿದ್ದ. ಅದೇನು ಎಂದು ಕೇಳಿದೆ.

“ಮತ್ತಿಮರ. ಇವೆರಡರ ಮಧ್ಯ ಅವರು ಸತ್ತೋರನ್ನ ಮಣ್ಣು ಮಾಡೋ ಜಾಗ. ಕೆಂಪಜ್ಜಿ ಅಂತ ಒಬ್ರವ್ರೆ. ನನ್ ಕೈ ಹಿಡ್ಕೊಂಡೋಗಿ ಅಲ್ಲಿ ನಿಲ್ಲಿಸ್ಬುಟ್ಟು, ‘ಇಲ್ಲಿ ನಮ್ಮೆಜಮಾನ ಅವ್ನೆ, ಪಕ್ಕದಲ್ಲಿ ನಂಗೆ ಜಾಗ ಬುಟ್ಟವ್ರೆ, ಬರ್ಕೊ ಮಗ’ ಅಂದ್ರು. ಬರ್ಕೊಳ್ಳೋಗಂಟ ಬುಡ್ಲಿಲ್ಲ.”

ಅವನು ನಕ್ಕ, ನಾನೂ ನಕ್ಕೆ. ನಾವಿಬ್ಬರು ಹಾಗೆ ಮಾತಾಡಿಕೊಂಡು ಟೀ ಕುಡಿದ ಕೊನೆಯ ದಿನ ಅದು.

ಮಧ್ಯಾಹ್ನ ಶ್ರೀಕಂಠಯ್ಯನವರು ಬಂದರು. ನಮ್ಮಿಬ್ಬರ ಮೇಲಿನವರು ಅವರು. ಹಾಡಿಗಳ ಎಲ್ಲೆ ಗುರುತಿಸಿ ನಕ್ಷೆ ಮಾಡಿಕೊಡುವ ಸಣ್ಣ ಸಂಸ್ಥೆ ನಮ್ಮದು. ಈಗ ಅದು ಇಲ್ಲ. ಮೇಲಿನಿಂದ ತೆಗೆದ ಕಾಡಿನ ಚಿತ್ರವನ್ನು ಗುಡ್ಡ ತಗ್ಗುಗಳ ಮೇಲೆ ಹೊದಿಸಿ, ಪರದೆಯ ಮೇಲೆ ಸುತ್ತ ತಿರುಗಿಸಿ ತೋರಿಸುವುದನ್ನು ನಾನು ಸಿದ್ಧಮಾಡಿದ್ದೆ. ಮಾರನೆಯ ದಿನ ಕೋಟೆಯಲ್ಲಿ ಹಾಡಿಯವರೂ ಅಧಿಕಾರಿಗಳೂ ಸೇರಿ ಅದನ್ನು ನೋಡಿ ಎಲ್ಲೆಯನ್ನು ಗೊತ್ತುಮಾಡುವುದೆಂದು ಏರ್ಪಾಡಾಗಿತ್ತು. ಶ್ರೀಕಂಠಯ್ಯನವರು ನಿಂತು ನೋಡಿದರು. ಚಿತ್ರ ತಿರುಗುತ್ತಾ ತಿರುಗುತ್ತಾ ನಿಲ್ಲುತ್ತಿತ್ತು, ಮತ್ತೆ ಜಗ್ಗಿ ಹೊರಡುತ್ತಿತ್ತು.

“ಏನ್ರೀ ಮಹದೇವು, ಇದು ತಿರುಗ್ತಿದೆಯೋ ಕುಂಟ್ತಿದೆಯೋ? ನಾಳೆ ದೊಡ್ಡೋರೆಲ್ಲ ಬರ್ತಾರೆ ಕಣ್ರೀ.”

“ಸರಿಮಾಡ್ತೀನಿ ಸರ್,” ಎಂದೆ.

ಅವರು ಹೋದ ಮೇಲೆ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರೆಂಬ ತಂತ್ರಾಂಶದಿಂದ ಮೂರು ಸಾಲು ತೆಗೆದುಹಾಕಿದೆ. ಚಿತ್ರ ಬೆಣ್ಣೆಯ ಹಾಗೆ ತಿರುಗಿತು.

ಇಂಥ ಡ್ರೈವರು ಬರೆಯುವ ಕೆಲಸಕ್ಕೆ ಈಗ ಬರುತ್ತಿರುವ ಹುಡುಗ ಹುಡುಗಿಯರು ನಮ್ಮ ಕಾಲ ಹೇಗಿತ್ತು ಎಂದು ಕೇಳುತ್ತಾರೆ. ನಾನು ಹೇಳಬೇಕಾದದ್ದು ಹೆಚ್ಚುಕಡಿಮೆ ಆ ಮೂರು ಸಾಲಿನ ಕಥೆಯೇ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಓದಿದ್ದು ಡಿಪ್ಲೊಮಾ. ತೊಂಬತ್ತರ ದಶಕದ ನಡುವಿನಲ್ಲಿ ಆ ಸಂಸ್ಥೆಗೆ ಸೇರಿದಾಗ ಅಲ್ಲಿದ್ದ ಯಂತ್ರವೆಂದರೆ ಟೈಪ್‌ರೈಟರ್ ಒಂದೇ. ನಕ್ಷೆಯ ಕೆಲಸವೆಲ್ಲ ಸಿದ್ದರಾಜುವಿನದು. ಅವನು ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿಯವನು. ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದ. ಗೆರೆ ಮುಗಿದ ಮೇಲೆ ಬಿಡುತ್ತಿದ್ದ. ಕೆಲವು ವರ್ಷಗಳ ನಂತರ ಯಾರೋ ದಾನ ಕೊಟ್ಟ ಎರಡು ಕಂಪ್ಯೂಟರು ಬಂದವು. ಅವುಗಳಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದೆವು. ಅದು ಪುಕ್ಕಟೆ ಸಿಗುತ್ತಿತ್ತು. ಒಳಗಿನ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು, ತಿದ್ದಬಹುದಿತ್ತು. ತಿದ್ದಬಹುದು ಎಂಬ ಮಾತು ನನ್ನ ತಲೆಗೆ ಹತ್ತಿತು. ನಮ್ಮ ಕಾರ್ಡಿಗೆ ಇದ್ದ ಡ್ರೈವರು ಅರೆಬರೆ. ಪುಸ್ತಕ ಇಟ್ಟುಕೊಂಡು, ಸಾಲು ಸಾಲಾಗಿ ಓದಿ, ತಪ್ಪು ಮಾಡಿ ಮಾಡಿ ಕಲಿತೆ.

ಹೀಗಿರುವಾಗ ಒಂದು ದಿನ ಪಿರಿಯಾಪಟ್ಟಣದ ಒಂದು ಕೆರೆ ಕೆ.ಆರ್. ನಗರದ ಗದ್ದೆ ಬಯಲಿನ ನಟ್ಟನಡುವೆ ಕಾಣಿಸಿಕೊಂಡಿತು. ಎರಡು ಕಿಟಕಿ ತೆರೆದು ಎರಡು ಊರಿನ ಚಿತ್ರ ಹಾಕಿದ್ದೆ, ಅಷ್ಟೇ. ಸಿದ್ದರಾಜು ಹಿಂದೆ ನಿಂತು ನೋಡಿ, “ಬುಡ್ಲಾ, ಕಾಲುವೆ ನೀರು ಸಾಲ್ದು ಅಂತ ಅವರು ಕೆರೇನೇ ಒತ್ಕೊಂಡೋಗವ್ರೆ,” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಏಕೆ ಹೀಗಾಯಿತು ಎಂಬುದು ನನಗೆ ತಿಂಗಳುಗಟ್ಟಲೆ ಹೊಳೆಯಲಿಲ್ಲ. ಹೊದಿಸುವ ಚಿತ್ರವನ್ನು ತುಂಡು ತುಂಡಾಗಿ ಮಾಡಿ ಕಾರ್ಡಿನ ನೆನಪಿನಲ್ಲಿ ಇಡುತ್ತಾರೆ. ಆ ತುಂಡುಗಳಿಗೆ ಟೆಕ್ಸ್ಚರ್ ಎಂದು ಹೆಸರು. ಆ ಕಾಲದ ಕಾರ್ಡುಗಳಲ್ಲಿ ಜಾಗ ಬಹಳ ಕಡಿಮೆ. ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಮುಗಳು ನಡೆಯುತ್ತಿದ್ದರೆ ಎರಡೂ ಅದೇ ಜಾಗವನ್ನು ಹಂಚಿಕೊಳ್ಳಬೇಕು. ಒಬ್ಬರು ಇಟ್ಟುಹೋದ ತುಂಡನ್ನು ಇನ್ನೊಬ್ಬರು ತೆಗೆದು ತಮ್ಮದನ್ನು ಇಟ್ಟರೆ ಮೊದಲಿನವರಿಗೆ ಅದು ಗೊತ್ತಾಗುವುದು ಹೇಗೆ? ನಾನು ಇದನ್ನು ಒಂದು ಊಟದ ಹೊತ್ತಿನಲ್ಲಿ ಸಿದ್ದರಾಜುವಿಗೆ ವಿವರಿಸಿದೆ. ವಿವರಿಸಿದ್ದು ಅವನಿಗೆಂದಲ್ಲ, ನನಗೆ ನಾನೇ ಹೇಳಿಕೊಂಡದ್ದು.

ಅವನು ತುತ್ತು ನುಂಗಿ, “ಇದೇನ್ ದೊಡ್ಡ ವಿಷ್ಯನಾ? ನಮ್ಮನೇಲಿ ಸ್ಲೇಟದೆ,” ಎಂದ.

ಅವರ ಮನೆಯವರಿಗೂ ಅವನ ದೊಡ್ಡಪ್ಪನ ಮನೆಯವರಿಗೂ ಬೇಯಿಸಿದ ಹೊಗೆಸೊಪ್ಪು ಇಡಲು ಒಂದೇ ಕೋಣೆ ಇತ್ತು. ಬೀಗದ ಕೈಯೂ ಒಂದೇ. ಕೈ ಯಾರ ಹತ್ತಿರ ಇದೆಯೋ ಅವರು ಮಾತ್ರ ಒಳಗೆ ಹೋಗಬೇಕು. ಜಾಗ ಸಾಲದೆ ಹೋದರೆ ಇನ್ನೊಬ್ಬರ ಹೊರೆಯನ್ನು ಇಳಿಸಿ ತಮ್ಮದನ್ನು ಅಟ್ಟಕ್ಕೆ ಏರಿಸಬಹುದು, ತಪ್ಪಿಲ್ಲ. ಆದರೆ ಬಾಗಿಲ ಪಕ್ಕ ಒಂದು ಸ್ಲೇಟು ನೇತುಹಾಕಿತ್ತು. ಏನನ್ನಾದರೂ ಕದಲಿಸಿದವರು ಹೊರಗೆ ಬರುವಾಗ ಅದರ ಮೇಲಿನ ಅಂಕಿಗೆ ಒಂದು ಸೇರಿಸಿ ಬರೆಯಬೇಕು. ಮುಂದೆ ಹೋಗುವವರು ಮೊದಲು ಸ್ಲೇಟು ನೋಡಬೇಕು. ತಾವು ಬಿಟ್ಟುಹೋದ ಅಂಕಿಯೇ ಇದ್ದರೆ ಕಣ್ಣುಮುಚ್ಚಿ ತಮ್ಮ ಹೊರೆ ಎತ್ತಿಕೊಳ್ಳಬಹುದು. ಅಂಕಿ ಬೇರೆಯಾಗಿದ್ದರೆ ಒಂದೊಂದನ್ನೂ ಬಿಚ್ಚಿ ತಾಳೆ ನೋಡಬೇಕು.

“ನೋಡ್ದೆ ಎತ್ಕೊಂಡೋದ್ರೆ?” ಎಂದೆ.

“ಒಂದ್ಸಲ ನಮ್ಮಪ್ಪ ಅಂಗೇ ಮಾಡ್ಬುಟ್ಟು ದೊಡ್ಡಪ್ಪನ ಸೊಪ್ಪು ಮಾರ್ಕೊಂಡು ಬಂದಿತ್ತು. ವರ್ಸೊಪ್ಪತ್ತು ಮಾತಿಲ್ಲ ಕಣ. ಸೊಪ್ಪು ಸೊಪ್ಪಂಗೇ ಇರ್ತದಲ್ಲ. ಕಲ್ಲು ಇದ್ದಿದ್ರೆ ಗೊತ್ತಾಗೋದು.”

ಅವತ್ತಿನಿಂದ ಒಂದು ತಿಂಗಳೊಳಗೆ ಡ್ರೈವರಿನಲ್ಲಿ ಸ್ಲೇಟು ತೂಗುಹಾಕಿದೆ. ಎಲ್ಲರೂ ಓದಬಹುದಾದ ಒಂದು ಕಡೆ ಒಂದು ಅಂಕಿ. ಕಾರ್ಡಿನ ಬೀಗದ ಕೈ ಸಿಕ್ಕಿದ ಕೂಡಲೇ ಆ ಅಂಕಿ ನೋಡು. ಬದಲಾಗಿದ್ದರೆ ನಿನ್ನದರಲ್ಲಿ ಯಾವ ತುಂಡು ಹೋಗಿದೆ ಎಂದು ತಿಳಿದುಕೊ. ಹೋದದ್ದನ್ನು ಮತ್ತೆ ತಂದು ಇಡು. ಇಷ್ಟನ್ನು ಮಾಡುವ ಮುಖ್ಯವಾದ ಸಾಲುಗಳು ಮೂರು. ದೊಡ್ಡ ಡ್ರೈವರುಗಳಲ್ಲಿ ಇಂಥ ಏರ್ಪಾಡು ಆಗಲೇ ಇತ್ತೆಂದು ಆಮೇಲೆ ತಿಳಿಯಿತು. ನಮ್ಮ ಕಾರ್ಡಿನದರಲ್ಲಿ ಯಾರೂ ಮಾಡಿರಲಿಲ್ಲ. ಮೈಸೂರಿಗೆ ಹೋಗಿ, ಇಂಟರ್ನೆಟ್ ಅಂಗಡಿಯಲ್ಲಿ ಕೂತು, ಆ ಡ್ರೈವರು ನೋಡಿಕೊಳ್ಳುವವರಿಗೆ ಕಳಿಸಿದೆ. ಯಾವ ದೇಶದವರೋ, ಚೆನ್ನಾಗಿದೆ, ಸೇರಿಸಿಕೊಂಡಿದ್ದೇವೆ ಎಂದು ಬರೆದರು. ಮಾಡಿದವರ ಹೆಸರು ಬರೆಯುವ ಕಡೆ ನಾನು ನನ್ನ ಹೆಸರೊಂದನ್ನೇ ಬರೆದಿದ್ದೆ. ಸಿದ್ದರಾಜುವಿಗೆ ಪತ್ರ ಓದಿ ಹೇಳಿದಾಗ ಅವನು ಖುಷಿಪಟ್ಟ. ಹೆಸರಿನ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಭೆಗೆ ಹಿಂದಿನ ದಿನ ನಾನು ತೆಗೆದದ್ದು ಆ ಮೂರು ಸಾಲನ್ನೇ.

ಚಿತ್ರ ಕುಂಟುತ್ತಿದ್ದದ್ದು, ಪರದೆಯ ಸಣ್ಣಪುಟ್ಟ ಕೆಲಸಗಳಿಗೂ ಅಂಕಿ ಬದಲಾಗಿ, ಪ್ರತಿ ಸಲ ತುಂಡುಗಳನ್ನೆಲ್ಲ ತಾಳೆ ನೋಡುತ್ತಿದ್ದದ್ದರಿಂದ. ಸ್ಲೇಟು ನೋಡದಿದ್ದರೆ ಅಂಕಿ ಬದಲಾದದ್ದು ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ತಾಳೆ ನೋಡುವ ಕೆಲಸವೂ ಇಲ್ಲ. ನಾಳೆ ಒಂದೇ ಕಿಟಕಿ ತೆರೆಯುತ್ತೇನೆ, ಬೇರೆ ಯಾರೂ ಅದರ ತುಂಡುಗಳಿಗೆ ಕೈಹಾಕುವುದಿಲ್ಲ, ಸಭೆ ಮುಗಿದ ಮೇಲೆ ಸಾಲುಗಳನ್ನು ವಾಪಸು ಹಾಕಿದರಾಯಿತು ಎಂದುಕೊಂಡೆ. ಸಿದ್ದರಾಜು ಅಲ್ಲೇ ಇದ್ದ. ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದ.

ಕೋಟೆಯಲ್ಲಿ ಬಸ್ ನಿಲ್ದಾಣದ ಹಿಂದಿನ ಒಂದು ಹಾಲಿನಲ್ಲಿ ಸಭೆ. ಕುರ್ಚಿಯಲ್ಲಿ ಅಧಿಕಾರಿಗಳು, ಮುಂದಿನ ಜಮಖಾನದ ಮೇಲೆ ಹಾಡಿಯವರು. ಕೆಂಪಜ್ಜಿಯನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಮೈ, ಕುತ್ತಿಗೆ ತುಂಬ ಮಣಿಸರ, ಎಲೆಅಡಿಕೆ ಜಗಿಯುತ್ತಾ ಪರದೆಯನ್ನು ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಸಿದ್ದರಾಜು ತನ್ನ ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಚಿತ್ರ ತಿರುಗಿತು. ಅಧಿಕಾರಿಗಳು ತಲೆದೂಗಿದರು. ಶ್ರೀಕಂಠಯ್ಯನವರ ಮುಖ ಅರಳಿತು.

“ಮಹದೇವು, ಪಕ್ಕದ ಹಾಡೀದೂ ತೆಗೀರಿ. ಎರಡೂ ಒಟ್ಟಿಗೇ ಕಾಣ್ಲಿ.”

ಆಗುವುದಿಲ್ಲ ಎನ್ನಬೇಕಾಗಿತ್ತು. ಎರಡನೆಯ ಕಿಟಕಿ ತೆರೆದೆ.

ಪರದೆ ಕೆಟ್ಟುಹೋಗಿದ್ದರೆ, ಬಣ್ಣ ಬಣ್ಣದ ಪಟ್ಟೆ ಬಂದಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು, ನಾನು ಮುಚ್ಚಿ ಮತ್ತೆ ತೆರೆಯುತ್ತಿದ್ದೆ. ಹಾಗಾಗಲಿಲ್ಲ. ಮೊದಲ ಹಾಡಿಯ ಒಂದು ಮೂಲೆಯಲ್ಲಿ ಎರಡನೆಯ ಹಾಡಿಯ ಕಾಡಿನ ತುಂಡು ಬಂದು ಕೂತಿತು. ಮೇಲಿನಿಂದ ನೋಡಿದರೆ ಕಾಡೆಲ್ಲ ಒಂದೇ. ಹಸಿರಿಗೆ ಹಸಿರು ಹೊಂದಿಕೊಂಡಿತು. ಮತ್ತಿಮರಗಳಿದ್ದ ಕಡೆ ಬರೀ ಪೊದೆ ಕಾಣಿಸಿತು. ಅಲ್ಲಿಂದ ಬಹಳ ಆಚೆಗೆ, ಕೂಗಿದರೂ ಕೇಳದಷ್ಟು ದೂರದಲ್ಲಿ, ಒಂದು ಬಯಲು ಕಾಣಿಸಿತು.

“ನೀವು ಮಣ್ಣು ಮಾಡೋ ಜಾಗ ಯಾವುದಮ್ಮ, ತೋರ್ಸಿ,” ಎಂದರು ಶ್ರೀಕಂಠಯ್ಯನವರು. ಹಾಡಿಯ ಒಬ್ಬ ಗಂಡಸು ಎದ್ದು ಬಂದು, ಅನುಮಾನದಿಂದಲೇ ಆ ಬಯಲಿನ ಕಡೆ ಬೆರಳು ಮಾಡಿದ.

ಕೆಂಪಜ್ಜಿ ಕೂತಲ್ಲಿಂದಲೇ ಹೇಳಿದಳು: “ಅದು ನಮ್ ಜಾಗ ಅಲ್ಲ ಕಣ್ ಮಗ. ಅಲ್ಲಿ ಎಲ್ಡು ಮತ್ತಿಮರ ಅವೆ. ಇದ್ರಲ್ಲಿ ಎಲ್ಲವೆ?”

ಆ ಕ್ಷಣದಲ್ಲಿ ನನಗೆ ತಿಳಿಯಿತು. ಅನುಮಾನ ಬಂತು ಎಂದು ಬರೆದರೆ ನನ್ನನ್ನು ನಾನು ಉಳಿಸಿಕೊಂಡ ಹಾಗಾಗುತ್ತದೆ. ತಿಳಿಯಿತು. ಸಿದ್ದರಾಜು ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ:

“ಮಾದೇವ, ಒಂದ್ಸಲ ಮುಚ್ಚಿ ತೆಗಿ. ಇದು ಸ್ಲೇಟು ನೋಡ್ತಾ ಅದಾ?”

“ನೋಡ್ತಿದೆ,” ಎಂದೆ.

“ಏನಂತೆ ಸಿದ್ದರಾಜುದು?” ಎಂದರು ಶ್ರೀಕಂಠಯ್ಯನವರು. ಎಲ್ಲರೂ ನಮ್ಮ ಕಡೆ ತಿರುಗಿದರು. ನಾನು ಗಟ್ಟಿಯಾಗಿ ಹೇಳಿದೆ: “ಏನಿಲ್ಲ ಸರ್. ಅವನ ಮಸಿ ಒಣಗೋದ್ರೊಳಗೆ ನಮ್ಮ ಕೆಲಸ ಮುಗೀತಲ್ಲ, ಅದಕ್ಕೆ ಹೊಟ್ಟೆಯುರಿ.” ಕುರ್ಚಿಯವರು ನಕ್ಕರು. ಆಮೇಲೆ ಅಜ್ಜಿಯ ಕಡೆ ತಿರುಗಿದೆ. “ಅಜ್ಜಿ, ಇದು ಆಕಾಶದಿಂದ ತೆಗೆದ ಪಟ. ನಮ್ಮ ಕಣ್ಣು ತಪ್ಪಬಹುದು, ಪಟ ತಪ್ಪಲ್ಲ.”

“ಅಂಗಾ?” ಎಂದಳು ಅವಳು. “ನಾನು ಆಕಾಸ್ದಿಂದ ನೋಡಿಲ್ಲ ಬುಡಪ್ಪ.”

ಅದಕ್ಕೂ ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಸಿದ್ದರಾಜು ನಗಲಿಲ್ಲ. ಅವನ ಸುರುಳಿ ಬಿಚ್ಚಿ ತೋರಿಸೆಂದು ಯಾರೂ ಕೇಳಲಿಲ್ಲ. ನಾನು ಬಯಲಿನ ಮೇಲೆ ಗುರುತು ಒತ್ತಿದೆ. ಗುರುತು ತೀರ ಆಚೆ ಒಂಟಿಯಾಗಿ ಬಿತ್ತು. ಅದಕ್ಕೆ ಬೇರೆಯಾಗಿ ಎಲ್ಲೆ ಹಾಕಿ ಕೊಡೋಣ ಎಂದು ಅಧಿಕಾರಿಗಳು ಹಾಡಿಯ ಎಲ್ಲೆಯನ್ನು ಆ ಪೊದೆಯ ಈಚೆಗೇ ತಿರುಗಿಸಿದರು. ಹಾಡಿಯವರು ಹೆಬ್ಬೆಟ್ಟು ಒತ್ತಿದರು. ಕೆಂಪಜ್ಜಿಯೂ ಒತ್ತಿದಳು. ಹಾಡಿಯೆಲ್ಲ ಒತ್ತುವಾಗ ಅವಳೊಬ್ಬಳು ಏನು ಮಾಡಿಯಾಳು?

ಮಾರನೆಯ ಬೆಳಿಗ್ಗೆ ಹುಣಸೂರಿನಲ್ಲಿ ಒಂದೇ ಕಿಟಕಿ ತೆರೆದು ನೋಡಿದೆ. ಎರಡು ಮರದ ತಲೆಗಳು ಇದ್ದವು, ಸಿದ್ದರಾಜು ಬರೆದ ಕಡೆಯೇ. ಮೂರು ಸಾಲನ್ನು ವಾಪಸು ಹಾಕಿದೆ. ಡ್ರೈವರು ಸರಿಹೋಯಿತು. ಶ್ರೀಕಂಠಯ್ಯನವರ ಕೋಣೆ ಹತ್ತು ಹೆಜ್ಜೆ ದೂರ. ಸಂಜೆ ಹೇಳುತ್ತೇನೆ ಎಂದುಕೊಂಡೆ. ಆಮೇಲೆ ಸೋಮವಾರ ಎಂದುಕೊಂಡೆ. ಆ ವಾರದ ಕೊನೆಗೆ ನಕ್ಷೆ ಅಚ್ಚಾಗಿ ಹೋಯಿತು.

ನಕ್ಷೆಯ ಪ್ರಕಾರ ಕಲ್ಲು ನೆಟ್ಟರು. ಮುಂದಿನ ವರ್ಷ ಕಲ್ಲಿನ ಸಾಲಿನಲ್ಲೇ ಆನೆ ತಡೆಯುವ ಕಂದಕ ತೋಡಿದರು. ಮತ್ತಿಮರಗಳು ಆಚೆ ಉಳಿದವು. ಹಾಡಿಯಿಂದ ನಾಲ್ಕು ಜನ ಹುಣಸೂರಿಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತರು. ಶ್ರೀಕಂಠಯ್ಯನವರು ನಮ್ಮಿಬ್ಬರನ್ನೂ ಕರೆಸಿದರು.

“ಏನ್ರೀ ಇದು? ಯಾರದು ತಪ್ಪು?”

“ಯಂತ್ರದಲ್ಲಿ ತಪ್ಪಿಲ್ಲ ಸರ್,” ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು. “ಅವರು ತೋರಿಸಿದ ಜಾಗಕ್ಕೇ ಗುರುತು ಹಾಕಿದ್ದು.”

“ಮತ್ತೆ ಇವರ ಕೈನಕ್ಷೇಲಿ ಬೇರೆ ಇದೆಯಲ್ರೀ?”

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಉತ್ತರವಾಯಿತು. ಸಿದ್ದರಾಜುವಿನ ಅಳತೆ ತಪ್ಪಿದೆ ಎಂದಾಯಿತು. ಅವನು ನನ್ನನ್ನು ನೋಡಿದ. ಕೋಪವಿರಲಿಲ್ಲ. ಗೆರೆ ಎಳೆಯುವಾಗ ಹಿಡಿಯುವ ಹಾಗೆ ಉಸಿರು ಹಿಡಿದಿದ್ದ. ಅವನಿಗೆ ಎಲ್ಲ ಗೊತ್ತಿತ್ತೆಂದು ಈಗ ನಂಬಿದ್ದೇನೆ. ಸ್ಲೇಟಿನ ಮನೆಯವನು ಅವನು; ಯಾರದೋ ಹೊರೆ ಇನ್ಯಾರದೋ ಲೆಕ್ಕಕ್ಕೆ ಹೋಗುವುದು ಹೇಗೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನನ್ನು ಕೆ.ಆರ್. ನಗರದ ಕಡೆ ಹಳೆ ನಕ್ಷೆಗಳ ನಕಲು ತೆಗೆಯುವ ಕೆಲಸಕ್ಕೆ ಹಾಕಿದರು. ಒಂದು ವರ್ಷ ಮಾಡಿ ಬಿಟ್ಟು, ಹಾರನಹಳ್ಳಿಗೆ ಹೋಗಿ ಬೇಸಾಯ ನೋಡಿಕೊಂಡ. ಹೋಗುವಾಗ ಆ ಹಾಳೆಯೊಂದನ್ನು ಕೇಳಿ ತೆಗೆದುಕೊಂಡು ಹೋದ. ಬೇಡವಾದದ್ದು ಎಂದು ಕೊಟ್ಟುಬಿಟ್ಟರು.

ಆಮೇಲೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಒಂದು ಸಲ ಸಿಕ್ಕಿದ. ಹಾಡಿಯಿಂದ ಬರುತ್ತಿದ್ದ.

“ಕೆಂಪಜ್ಜಿ ಓಗ್ಬುಡ್ತು ಕಣ,” ಎಂದ.

“ಹೌದಾ. ಎಲ್ಲಿ...”

“ಕಂದಕದ ಈಚೆ. ಮರ ಕಾಣ್ತವೆ ಅಲ್ಲಿಂದ.” ಕೈಚೀಲ ಕೆಳಗಿಟ್ಟು, “ನಿಂದೆಲ್ಲ ಎಂಗೆ? ಆರಾಮಾ?” ಎಂದ.

ಅಲ್ಲಿ ಹೇಳಬಹುದಾಗಿತ್ತು. ಅವನ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕಬ್ಬಿನ ಹಾಲು ಕುಡಿಯೋಣ ಬಾ ಎಂದೆ. ಕುಡಿದೆವು. ನಾನು ಮಳೆಯ ವಿಷಯ ಮಾತಾಡಿದೆ.

ಸಂಸ್ಥೆ ಮುಚ್ಚಿದ ಮೇಲೆ ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇದ್ದು ನಿವೃತ್ತನಾದೆ. ಆ ಕೆಲಸದ ವರ್ಷಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಈಗಿನ ಕಾರ್ಡುಗಳಲ್ಲಿ ಜಾಗ ಬೇಕಾದಷ್ಟಿದೆ. ಯಾರ ತುಂಡು ಎಲ್ಲಿದೆ ಎಂದು ನೋಡಿಕೊಳ್ಳುವ ಕೆಲಸವನ್ನು ಲಿನಕ್ಸಿನ ತಿರುಳಾದ ಕರ್ನಲ್ ತಾನೇ ವಹಿಸಿಕೊಂಡಿದೆ. ಒಬ್ಬರು ಓದಿ ಮುಗಿಸುವವರೆಗೆ ಇನ್ನೊಬ್ಬರು ಕಾಯುವ ಹಾಗೆ ಬೇಲಿಗಳನ್ನು ಕಟ್ಟಿದ್ದಾರೆ. ನನ್ನ ಹಾಗೆ ಮೂರು ಸಾಲು ತೆಗೆದರೆ ಇವತ್ತು ಹತ್ತು ಕಡೆ ಗಂಟೆ ಬಾರಿಸುತ್ತದೆ. ಆದರೂ ಹೊಸಬರು ಮೊದಲು ಕೇಳುವುದು ವೇಗ ಹೆಚ್ಚಿಸುವುದು ಹೇಗೆ ಎಂದೇ. ನಾನು ಅವರಿಗೆ ಕಾಯುವ ಸಾಲುಗಳನ್ನು ಮುಟ್ಟಬೇಡಿ ಎಂದಷ್ಟೇ ಹೇಳುತ್ತಿದ್ದೆ. ಏಕೆ ಎಂದು ಕೇಳಿದರೆ ಕೆರೆಯ ಕಥೆ ಹೇಳಿ ನಗಿಸುತ್ತಿದ್ದೆ. ಹಾಡಿಯ ಕಥೆ ಹೇಳಿದವನಲ್ಲ.

ಇನ್ನೊಂದು ಮಾತು. ತಪ್ಪು ಚಿತ್ರ ಚೆಂದವಾಗಿ ಕಂಡಾಗ ಅದನ್ನು ಹಿಡಿಯಬಲ್ಲವರು ಆ ಜಾಗದಲ್ಲಿ ನಡೆದಾಡಿದವರು ಮಾತ್ರ. ಅಂಥವರು ಎದುರಿಗೆ ಕೂತು ಅಲ್ಲ ಎಂದಾಗ ಕಿಟಕಿ ಮುಚ್ಚಿ ಮತ್ತೆ ತೆರೆಯಲು ಅರ್ಧ ನಿಮಿಷ ಬೇಕು. ನಾನು ಆ ಅರ್ಧ ನಿಮಿಷ ಕೊಡಲಿಲ್ಲ.

ಸಿದ್ದರಾಜು ಹೋದ ವರ್ಷ ತೀರಿಕೊಂಡ. ಹೊಲದಿಂದ ಬಂದವನು ನೀರು ಕೇಳಿ, ಜಗಲಿಯ ಮೇಲೆ ಒರಗಿದವನು ಏಳಲಿಲ್ಲವಂತೆ. ಹನ್ನೊಂದನೆಯ ದಿನದ ತಿಥಿಗೆ ಹೋದೆ. ಊಟವಾದ ಮೇಲೆ ಅವನ ಹೆಂಡತಿ ಪುಟ್ಟತಾಯಮ್ಮ ಒಳಗಿನಿಂದ ಒಂದು ಸುರುಳಿ ತಂದು ಕೈಗಿಟ್ಟರು.

“ಇದು ಮಾದೇವಂಗೆ ಸೇರ್ಬೇಕು, ಅವನ ಕೆಲ್ಸ ಬಾಕಿ ಅದೆ ಅಂತಿದ್ರು ಕಣಣ್ಣ. ಕಳಿಸ್ರೀ ಅಂದ್ರೆ, ಅವನೇ ಬತ್ತಾನೆ ಬುಡು ಅನ್ನೋರು.”

ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ಮಸಿ ಸ್ವಲ್ಪವೂ ಮಾಸಿರಲಿಲ್ಲ. ಎರಡು ಮತ್ತಿಮರ, ನಡುವೆ ಸಣ್ಣ ಸಣ್ಣ ಚುಕ್ಕೆ. ಕೆಳಗಿನ ಮೂಲೆಯಲ್ಲಿ ನಮ್ಮ ಕಚೇರಿಯ ಪದ್ಧತಿಯಂತೆ ಎರಡು ಗೆರೆ: ಬರೆದವರು, ತಾಳೆ ನೋಡಿದವರು. ಮೊದಲನೆಯದರ ಮೇಲೆ ಅವನ ಸಹಿ. ಎರಡನೆಯದು ಖಾಲಿ. ನಮ್ಮಲ್ಲಿ ಅವನ ನಕ್ಷೆಗೆ ತಾಳೆ ನೋಡುತ್ತಿದ್ದವನು ನಾನು.

ಆಮೇಲಿನ ವಾರ ಕೋಟೆಗೆ ಹೋಗಿ, ಅಲ್ಲಿಂದ ಹಾಡಿಗೆ ಹೋದೆ. ಕೆಂಪಜ್ಜಿಯ ಮೊಮ್ಮಗಳು ಕಂದಕದವರೆಗೆ ಜೊತೆಗೆ ಬಂದಳು. ಕಂದಕದ ಈಚೆ ಕಲ್ಲು ಪೇರಿಸಿದ ಒಂದು ಗುಡ್ಡೆ. ಆಚೆ ಎರಡು ಮತ್ತಿಮರ ಹಾಳೆಯಲ್ಲಿದ್ದ ಕಡೆಯೇ ನಿಂತಿದ್ದವು. ಅವಳಿಗೆ ನಡೆದದ್ದನ್ನು ಹೇಳಿದೆ. ಅವಳು ಕೇಳಿಸಿಕೊಂಡು, “ನೀವೇನಾ ಅದು? ಆಕಾಸದ ಪಟದೋರು?” ಎಂದಳು. ಹೌದೆಂದೆ. ಅವಳು ಗುಡ್ಡೆಯಿಂದ ಜಾರಿದ್ದ ಒಂದು ಕಲ್ಲನ್ನು ಎತ್ತಿ ಮೇಲಿಟ್ಟಳು.

ಅಲ್ಲೇ ನಿಂತು ಹಾಳೆಗೆ ಸಹಿ ಹಾಕಿದೆ. ಆವತ್ತಿನ ತಾರೀಖನ್ನೇ ಬರೆದೆ, ಹಳೆಯದನ್ನಲ್ಲ. ತಪ್ಪು ನನ್ನದೆಂದೂ ಅದು ಹೇಗಾಯಿತೆಂದೂ ವಿವರವಾಗಿ ಬರೆದು, ಹಾಳೆಯ ನಕಲಿನ ಜೊತೆ ಕೋಟೆಯ ತಾಲ್ಲೂಕು ಕಚೇರಿಯಲ್ಲಿ ಕೊಟ್ಟೆ. ನೋಡುತ್ತೇವೆ ಎಂದಿದ್ದಾರೆ. ಎರಡು ಸಲ ಹೋಗಿ ವಿಚಾರಿಸಿದ್ದೇನೆ.

ಈಗ ಬಳಕೆಯಲ್ಲಿರುವ ನಕ್ಷೆಯಲ್ಲಿ ಆ ಎರಡು ಮತ್ತಿಮರಗಳ ನಡುವಿನ ಜಾಗ ಹಾಡಿಯ ಎಲ್ಲೆಯೊಳಗೆ ಇಲ್ಲ.